ಬೇವಿನ ನೆರಳಲ್ಲಿ ತುಂಬುತ್ತಿದ್ದ ಬ್ಯಾಟರಿ

ಸಕ್ಕರೆ ಕಾಯಿಲೆಯಿಂದ ನಮ್ಮ ಮಾವನವರ ಬಲಗಾಲನ್ನು ಮೊಳಕಾಲಿನ ಕೆಳಗೆ ತೆಗೆದ ಮೇಲೆ ಮನೆಗೆ ಒಂದು ಬ್ಯಾಟರಿ ಗಾಡಿ ಬಂತು. ಮೂರು ಗಾಲಿ, ಒಂದು ಸೀಟು, ಹ್ಯಾಂಡಲ್ಲಿನ ಮೇಲೆ ನಾಲ್ಕು ಪುಟ್ಟ ದೀಪ. ನಾಲ್ಕೂ ಉರಿದರೆ ಬ್ಯಾಟರಿ ತುಂಬಿದೆ, ಒಂದೇ ಉರಿದರೆ ಮುಗಿಯುತ್ತ ಬಂತು ಎಂದು ಅರ್ಥ. ನಮ್ಮ ಊರು ನವಲಗುಂದದ ಹತ್ತಿರ. ಮನೆಯಿಂದ ಹೊಲ ಎರಡೂವರೆ ಕಿಲೋಮೀಟರು. ಕಾಲುವೆಯ ಸೇತುವೆಯವರೆಗೆ ಡಾಂಬರು, ಆಮೇಲೆ ಎರೆಮಣ್ಣಿನ ಚಕ್ಕಡಿ ದಾರಿ. ಮಾವನವರು ದಿನಾ ಬೆಳಿಗ್ಗೆ ಹೋಗಿ, ಬದುವಿನ ಮೇಲೆ ಗಾಡಿ ನಿಲ್ಲಿಸಿ, ಆಳುಗಳನ್ನು ಮನಸಾರೆ ಬೈದು ಬರುತ್ತಿದ್ದರು. ಬೈಯುವುದೂ ಒಂದು ಕೆಲಸವೇ. ಅದನ್ನು ಅವರು ಅಚ್ಚುಕಟ್ಟಾಗಿ ಮಾಡುತ್ತಿದ್ದರು.

ಒಂದು ದಿನ ಕಳೆ ತೆಗೆಯಲು ಹೋಗಿದ್ದ ಇಬ್ಬರು ಹೆಂಗಸರು ಗಾಡಿಯನ್ನು ದೂಡಿಕೊಂಡು ಬಂದರು. ಗಾಡಿಯ ಮೇಲೆ ಮಾವನವರು ಮುಖಕ್ಕೆ ಟವೆಲ್ಲು ಹಾಕಿಕೊಂಡು ಕುಳಿತಿದ್ದರು. ಹೊಲ ಬಿಡುವಾಗ ಮೂರು ದೀಪ ಉರಿಯುತ್ತಿದ್ದವಂತೆ, ಸೇತುವೆಯ ಹತ್ತಿರ ಒಮ್ಮೆಲೇ ಎಲ್ಲ ಆರಿದವಂತೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಇಷ್ಟು ಸಣ್ಣ ವಿಷಯ ನನಗೆ ತಿಳಿಯದೇ ಎಂಬ ಜಂಬ ಬೇರೆ. ಶಾಲೆಯ ಮೀಟರು ತಂದು, ಮರುದಿನ ಬೆಳಿಗ್ಗೆ ಚಾರ್ಜರು ಕಿತ್ತ ಕೂಡಲೇ ವೋಲ್ಟೇಜು ನೋಡಿದೆ. ಅಂಕಿ ಭರ್ಜರಿಯಾಗಿತ್ತು.

"ಬ್ಯಾಟರಿ ಅಗದಿ ಗಟ್ಟಿ ಐತ್ರಿ ಮಾವಾರ, ನಿಶ್ಚಿಂತಿ ಹೋಗ್ರಿ" ಎಂದೆ.

ಅವತ್ತೇ ಮತ್ತೆ ನಿಂತಿತು. ಈ ಸಲ ಚಕ್ಕಡಿ ದಾರಿಯ ನಡುವೆ, ಬಿಸಿಲಲ್ಲಿ, ದೂಡಲೂ ಯಾರೂ ಇಲ್ಲದ ಕಡೆ. ಸಕ್ಕರೆ ಕಾಯಿಲೆಯ ಮನುಷ್ಯ, ಬಾಟಲಿಯಲ್ಲಿ ನೀರು ಮುಗಿದಿತ್ತು. ಪಕ್ಕದ ಹೊಲದವರ ಟ್ರ್ಯಾಕ್ಟರು ಬರುವವರೆಗೆ ಒಂದೂವರೆ ತಾಸು ಹಾಗೇ ಕುಳಿತಿದ್ದರು. ಹುಬ್ಬಳ್ಳಿಯಿಂದ ಕೆಲಸ ಮುಗಿಸಿ ಬಂದ ನನ್ನ ಗಂಡ ವಿಷಯ ಕೇಳಿ, ನನ್ನ ಕಡೆ ನೋಡದೆಯೇ, "ಸಾಕಿನ್ನ. ಗಾಡಿ ಬ್ಯಾಡ, ಹೊಲಾ ಬ್ಯಾಡ. ಅಪ್ಪಾ ಮನ್ಯಾಗ ಇರಲಿ" ಎಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಮಾವನವರನ್ನು ಕಳಿಸಿದ್ದು ನನ್ನ ಮಾತು.

ಮಾವನವರು ಜಗಳ ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಮಾಡಲಿಲ್ಲ. ಕಟ್ಟೆಯ ಮೇಲೆ ಕುಳಿತರು. ಬಡಿಸಿದ್ದು ಉಂಡರು, ಕೇಳಿದ್ದಕ್ಕೆ "ಹೂಂ" ಎಂದರು. ಹಿಂಗಾರಿಯ ಕಡಲೆ ಬಿತ್ತಿದ್ದಾಗಿತ್ತು, ಅದು ಹೇಗಿದೆ ಎಂದು ಒಂದು ಸಲವೂ ವಿಚಾರಿಸಲಿಲ್ಲ. ಹತ್ತು ದಿನದಲ್ಲಿ ಹತ್ತು ವರ್ಷ ಹೆಚ್ಚಾದವರಂತೆ ಕಂಡರು.

ತಡೆಯಲಾರದೆ ನವಲಗುಂದದ ಬ್ಯಾಟರಿ ಅಂಗಡಿಗೆ ಹೋದೆ. ಅಂಗಡಿಯವನು ಕೈಯ ಕರೆ ಒರೆಸಿಕೊಳ್ಳುತ್ತ ಕೇಳಿಸಿಕೊಂಡು, "ಟೀಚರ, ಚಾರ್ಜರ್ ತೆಗದ ಕೂಡಲೇ ನೋಡಿದ್ರ ಬ್ಯಾಟರಿ ಸುಳ್ಳ ಹೇಳತೈತ್ರಿ. ಓಡಿ ನಿಂತ ಮ್ಯಾಲ ನೋಡಿದ್ರೂ ಸುಳ್ಳ. ಖರೇ ತಿಳೀಬೇಕಂದ್ರ ಪೂರಾ ತುಂಬಸ್ರಿ, ಅದರ ಮ್ಯಾಲ ಕುಂದ್ರೂ ಮನಷ್ಯಾನ್ನೇ ಕುಂದ್ರಸ್ರಿ, ನಿಲ್ಲೂತನಕ ಓಡಸ್ರಿ. ಆದ್ರ ಪದೇ ಪದೇ ಹಂಗ ಮಾಡಬ್ಯಾಡ್ರಿ, ಬ್ಯಾಟರಿ ಸಾಯತೈತಿ" ಎಂದ.

ಓಡಿ ನಿಂತ ಮೇಲೆ ಎಂದದ್ದು ತಲೆಯಲ್ಲಿ ಉಳಿಯಿತು. ಮನೆಗೆ ಬಂದು ಮಾವನವರನ್ನು ಕೇಳಿದೆ, "ದಾರ್‍ಯಾಗ ಎಲ್ಲೆರ ನಿಂದರತಿದ್ರೇನ್ರಿ?"

"ಬೇವಿನ ಗಿಡದ ಕೆಳಗ ನಿಂದರತಿದ್ನೆವಾ. ದೀಪ ಎರಡಕ್ಕ ಇಳಿದಿರತಿದ್ದುವು. ಅರ್ಧಾ ತಾಸು ಬಿಟ್ಟ ಹಚ್ಚಿದ್ರ ಮತ್ತ ನಾಕೂ ಬರತಿದ್ದುವು. ಎತ್ತಿಗೂ ಹಂಗ ಅಲ್ಲೇನು? ನೊಗಾ ಇಳಿಸಿ, ಕೊಳ್ಳ ಹರದ ನೆರಳಿಗೆ ಕಟ್ಟಿದ್ರ ಕಸುವು ಬರತೈತಿ."

ನಲವತ್ತು ವರ್ಷ ಎತ್ತು ಹೂಡಿದವರ ಮಾತು ಅದು. ನಗು ಬಂದರೂ ನಗಲಿಲ್ಲ, ಮೀಟರು ಹಿಡಿದ ನಾನೂ ಅದೇ ತಪ್ಪು ಮಾಡಿದ್ದೆನಲ್ಲ. ಭಾರ ಎಳೆಯುವಾಗ ವೋಲ್ಟೇಜು ಇಳಿಯುತ್ತದೆ, ನಿಂತರೆ ಮೇಲೇಳುತ್ತದೆ, ಒಳಗಿನ ಚಾರ್ಜು ಮಾತ್ರ ಹೆಚ್ಚಾಗುವುದಿಲ್ಲ. ಇದನ್ನು ಮಾವನವರಿಗೆ ಹೇಗೆ ಹೇಳಲಿ?

"ಎತ್ತಿನ ಕೊಳ್ಳ ಹರದ ಮ್ಯಾಲ ಮೇವು ಹಾಕತೀರಿ, ನೀರು ಕುಡಸತೀರಿ" ಎಂದೆ. "ಇದಕ್ಕ ಬೇವಿನ ಗಿಡದ ಕೆಳಗ ಯಾರ ಮೇವು ಹಾಕಿದ್ರು ಮಾವಾರ?"

ಮಾವನವರು ಗಾಡಿಯ ಕಡೆ ತಿರುಗಿದರು. "ಉಪಾಸ ಇಟ್ಟ ಗಾಡಿ ಹೊಡದೇನಿ ಹಂಗಾರ" ಎಂದರು.

ಗಂಡನನ್ನು ಒಪ್ಪಿಸಲು ಎರಡು ದಿನ ಹಿಡಿಯಿತು. ಹೋದ ಸಲ ತಪ್ಪಿದ್ದು ನಾನು, ಈ ಸಲ ಅಳೆಯದೆ ಒಂದು ಮಾತೂ ಆಡುವುದಿಲ್ಲ ಎಂದೆ. ಭಾನುವಾರ ಬೆಳಿಗ್ಗೆ ಮನೆಯಿಂದ ಸೇತುವೆಯವರೆಗೆ ಗಂಡನ ಬೈಕಿನ ಮೀಟರಿನಲ್ಲಿ ಅಳೆದೆವು, ಸರಿಯಾಗಿ ಒಂದು ಕಿಲೋಮೀಟರು. ಮಾವನವರು ಗಾಡಿಯಲ್ಲಿ ಮುಂದೆ, ಎಳೆದು ತರಲು ಹಗ್ಗ ಇಟ್ಟುಕೊಂಡು ಗಂಡ ಬೈಕಿನಲ್ಲಿ ಹಿಂದೆ. ನಾನು ಸೀಮೆಸುಣ್ಣ ಹಿಡಿದು ಬಾಗಿಲಲ್ಲಿ. ಅವರು ಒಮ್ಮೆ ಹೋಗಿ ಬಂದರೆ ಗೋಡೆಯ ಮೇಲೆ ಎರಡು ಗೆರೆ. ಊರಿನವರು ನಿಂತು ನೋಡಿದರು, ಒಬ್ಬರು ಏನು ಹರಕೆ ಎಂದೂ ಕೇಳಿದರು. ನಡುವೆ ಎಲ್ಲೂ ಸುಧಾರಿಸಿಕೊಳ್ಳಲು ಬಿಡಲಿಲ್ಲ. ಹನ್ನೊಂದು ಕಿಲೋಮೀಟರಿಗೆ ಗಾಡಿ ನಿಂತಿತು.

ಮುಂದಿನ ಭಾನುವಾರ ಗಾಡಿಯನ್ನು ಸೇತುವೆಯವರೆಗೆ ಹಗ್ಗ ಕಟ್ಟಿ ಎಳೆದೊಯ್ದು, ಚಕ್ಕಡಿ ದಾರಿಯಲ್ಲಿ ಓಡಿಸಿದೆವು. ಅಲ್ಲಿ ಏಳೇ. ಅದೇ ಬ್ಯಾಟರಿ, ಅದೇ ಮನುಷ್ಯ, ಮಣ್ಣು ಹಿಡಿದು ಎಳೆದರೆ ಅಷ್ಟು ಹೆಚ್ಚು ತಿನ್ನುತ್ತದೆ. ಆದರೂ ಹೊಲಕ್ಕೆ ಹೋಗಿ ಬರಲು ಐದು ಸಾಕು. ಹಾಗಾದರೆ ಎರಡು ಸಲ ನಿಂತದ್ದು ಹೇಗೆ? ಗಂಡ ಲೆಕ್ಕ ಹಾಕುತ್ತ ನಿಂತಾಗ ಮಾವನವರು ಕೆಮ್ಮಿದರು.

"ಆ ಎರಡೂ ದಿನ ಹೊಲಕ್ಕ ಹೋಗೂಕಿಂತ ಮೊದಲ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ" ಎಂದರು. "ಚಹಾಕ್ಕ."

ಬಸ್ ಸ್ಟ್ಯಾಂಡು ಊರಿನ ಆಚೆ, ಡಾಂಬರು ರಸ್ತೆಯಲ್ಲಿ ಹೋಗಿ ಬರಲು ಆರು ಕಿಲೋಮೀಟರು. ಸಕ್ಕರೆ ಹಾಕಿದ ಚಹಾ ಎಂದು ಬೇರೆ ಹೇಳಬೇಕಿರಲಿಲ್ಲ. ಗಂಡ ಬೈಯಲು ಬಾಯಿ ತೆರೆದವರು ನಕ್ಕುಬಿಟ್ಟರು. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬ್ಯಾಟರಿ ಸತ್ತಿರಲಿಲ್ಲ, ಮಾವನವರ ಹೊಲದ ದಾರಿಗೆ ಸಾಲುವಷ್ಟು ಅದರಲ್ಲಿತ್ತು.

ಕಟ್ಟಳೆ ಮಾಡಿದೆವು. ದೀಪ ನೋಡುವುದಿಲ್ಲ, ಕಿಲೋಮೀಟರು ಎಣಿಸುವುದು. ಪೂರಾ ಚಾರ್ಜು, ಒಂದೇ ಸಲ ಹೊಲ, ಚಹಾ ಮನೆಯಲ್ಲಿ. ಮಳೆಯಾದ ದಿನ ಗಾಡಿ ತೆಗೆಯುವಂತಿಲ್ಲ. ಬ್ಯಾಟರಿಗೂ ವಯಸ್ಸಾಗುತ್ತದೆ, ಆದ್ದರಿಂದ ಕೆಲವು ತಿಂಗಳಿಗೊಮ್ಮೆ ಮತ್ತೆ ಅಳೆಯಬೇಕು.

ಸೋಮವಾರ ಶಾಲೆಗೆ ರಜೆ ಹಾಕಿದೆ. ಬೆಳಿಗ್ಗೆ ಎಂಟಕ್ಕೆ ಮಾವನವರು ಒಬ್ಬರೇ ಹೊರಟರು. ನಾನು ರೊಟ್ಟಿ ಬಡಿದೆ, ಅಂಗಳ ಗುಡಿಸಿದೆ, ಗುಡಿಸಿದ ಅಂಗಳವನ್ನು ಮತ್ತೆ ಗುಡಿಸಿದೆ. ಹುಬ್ಬಳ್ಳಿಯಿಂದ ಗಂಡನ ಫೋನು ಮೂರು ಸಲ ಬಂತು. ಹನ್ನೊಂದು ಗಂಟೆಗೆ ಓಣಿಯ ತಿರುವಿನಲ್ಲಿ ಮೋಟಾರಿನ ಸಣ್ಣ ಗುಂಯ್ ಸದ್ದು ಕೇಳಿತು. ಗಾಡಿ ತಾನಾಗಿಯೇ ಬರುತ್ತಿತ್ತು.

ಮಾವನವರು ಗಾಡಿಯ ಬಗ್ಗೆ ಚಕಾರ ಎತ್ತಲಿಲ್ಲ. ಕಡಲೆಗೆ ಹುಳ ಬಿದ್ದಿದೆ, ಬಾಜು ಹೊಲದವನು ಬದುವನ್ನು ಒಂದು ಗೇಣು ಒಳಗೆ ಸರಿಸಿದ್ದಾನೆ, ಹೇಳುವವರು ಕೇಳುವವರು ಇಲ್ಲದೆ ಆಳುಗಳು ಮೈಗಳ್ಳರಾಗಿದ್ದಾರೆ ಎಂದು ಅಂಗಳದಿಂದಲೇ ಶುರುಮಾಡಿ, ಊಟ ಮುಗಿಯುವವರೆಗೂ ಬೈದರು. ಮೂರು ವಾರದ ಬೈಗುಳ ಒಟ್ಟಿಗೇ ಬಂತು. ಪಲ್ಯ ಬಡಿಸುತ್ತ ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅಷ್ಟು ಸಂತೋಷವಾಗಿತ್ತು.

ಕೈ ತೊಳೆದವರು ನನ್ನ ಕಡೆ ತಿರುಗಿದರು. "ನಿಂತೇನ ನೋಡತಿ? ಗಾಡಿ ಚಾರ್ಜಿಗೆ ಹಚ್ಚವಾ. ನಾಳೆ ಮತ್ತ ಹೋಗಬೇಕು."