ಮಣ್ಣು ಹೊತ್ತ ಥಾಮ್ಸಿನ್

ನಮ್ಮ ಬಿಲ್ಲಿಂಗ್ಸ್‌ಗೇಟ್ ಮೀನುಪೇಟೆಯಲ್ಲಿ ಥಾಮ್ಸಿನ್ ಪರ್ಕಿಸ್ ಸಿಂಪಿ ಮಾರುತ್ತಿದ್ದಳು. ಅವಳ ದನಿ ಏರಿದರೆ ನದಿಯ ಆಚೆ ದಡದವರೂ ತಿರುಗಿ ನೋಡುತ್ತಿದ್ದರು. ಗಂಡ ಆಂಬ್ರೋಸ್ ಅರಮನೆಯ ದೋಣಿಗೆ ಹುಟ್ಟು ಹಾಕುವವನು. ದೊರೆ ಪಾರ್ಲಿಮೆಂಟಿನ ಜೊತೆ ಜಗಳವಾಡಿ ಲಂಡನ್ ಬಿಟ್ಟು ಹೋದ ಮೇಲೂ ಅವನು ಅರಮನೆ ಕೊಟ್ಟ ಕೆಂಪು ಅಂಗಿಯನ್ನು ಬಿಟ್ಟಿರಲಿಲ್ಲ.

ಮರುವರ್ಷ ವಸಂತದಲ್ಲಿ ದೊರೆಯ ಸೈನ್ಯ ಊರಿನ ಮೇಲೆ ಬರುತ್ತದೆಂಬ ಸುದ್ದಿ ಹಬ್ಬಿತು. ಊರ ಸುತ್ತ ಮಣ್ಣಿನ ಕೋಟೆ ಕಟ್ಟಲು ಪಾರ್ಲಿಮೆಂಟು ಕರೆ ಕೊಟ್ಟಿತು. ದರ್ಜಿಗಳು ಹೋದರು, ಚಮ್ಮಾರರು ಹೋದರು. ಮೀನುಪೇಟೆಯ ಹೆಂಗಸರಾದ ನಮ್ಮನ್ನು ಯಾರೂ ಕರೆಯಲಿಲ್ಲ. ಥಾಮ್ಸಿನ್ ತಾನಾಗಿಯೇ ಬುಟ್ಟಿ ಎತ್ತಿಕೊಂಡಳು. ಆಂಬ್ರೋಸ್ ಬಾಗಿಲಿಗೆ ಅಡ್ಡ ನಿಂತ.

"ಅರಮನೆ ಉಪ್ಪು ತಿಂದ ಮನೆ ಇದು ಕಣೇ."

"ನಿನ್ನ ದೊರೆ ಹನ್ನೊಂದು ವರ್ಷ ಪಾರ್ಲಿಮೆಂಟನ್ನ ಕರೀಲೇ ಇಲ್ಲ. ಸೋಪು ಮಾಡೋ ಹಕ್ಕನ್ನೂ ತನಗೆ ಬೇಕಾದೋರಿಗೇ ಬರ್ಕೊಟ್ಟ. ಆ ಸೋಪಿಗೆ ನನ್ನ ಕೈ ಚರ್ಮ ಸುಲ್ದು ಹೋದಾಗ ಯಾರ ಹತ್ರ ಹೇಳ್ಕೋಬೇಕಿತ್ತು?"

"ಸೋಪಿಗೋಸ್ಕರ ಯುದ್ಧಾನಾ?"

"ಕೇಳೋಕೆ ಒಂದು ಜಾಗ ಬೇಕಲ್ಲ, ಅದಕ್ಕೆ. ದಾರಿ ಬಿಡು."

ಅಂದು ತಮಟೆ ಬಡಿಸಿಕೊಂಡು ನೂರಾರು ಹೆಂಗಸರು ಅವಳ ಹಿಂದೆ ನಡೆದೆವು. ಕೋಟೆ ಏಳುತ್ತಿದ್ದ ವೈಟ್‌ಚಾಪೆಲ್‌ನಲ್ಲಿ ಮೇಸ್ತ್ರಿ ನಮ್ಮನ್ನು ಕಂಡು ನಕ್ಕ. "ನೀವು ಕೆಲಸದೋರಿಗೆ ಬಿಯರ್ ಹಂಚಿ ತಾಯಿ, ಅಷ್ಟು ಸಾಕು."

"ನೀವೇ ಹಂಚಿ ಸ್ವಾಮಿ, ಹೆಂಗೂ ಬರೀ ಕೈಲಿ ನಿಂತಿದ್ದೀರಲ್ಲ" ಎಂದಳು ಥಾಮ್ಸಿನ್.

ಮೂವತ್ತು ವರ್ಷ ಸಿಂಪಿ ಹೊತ್ತ ಬೆನ್ನುಗಳಿಗೆ ಮಣ್ಣು ಯಾವ ಲೆಕ್ಕ? ಮಧ್ಯಾಹ್ನದ ಹೊತ್ತಿಗೆ ನಮ್ಮ ಪಾಲಿನ ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಆಮೇಲೆ ಮಳೆ ಹಿಡಿಯಿತು. ಗೋಡೆಯ ಮೈ ಜಾರಿ ಕುಸಿದು ನಮ್ಮ ಮೊಣಕಾಲವರೆಗೂ ಕೆಸರು ತುಂಬಿತು. ಪಕ್ಕದಲ್ಲಿ ಅಗೆಯುತ್ತಿದ್ದ ಗಂಡಸರು ಗುದ್ದಲಿ ಹೆಗಲಿಗೇರಿಸಿ ಹೊರಟರು. ಥಾಮ್ಸಿನ್ ಹೊರಡಲಿಲ್ಲ, ನಾವೂ ಹೊರಡಲಿಲ್ಲ. ಹಾಕಿದ ಮಣ್ಣೆಲ್ಲ ಮತ್ತೆ ಮತ್ತೆ ಜಾರುತ್ತಿತ್ತು.

ಆಗ ಕೈಗಾಡಿ ತುಂಬ ಗೂಟ, ಬೆತ್ತ ಹೇರಿಕೊಂಡು ಆಂಬ್ರೋಸ್ ಬಂದ. ಮೈಮೇಲೆ ಅದೇ ಕೆಂಪು ಅಂಗಿ. ನದಿಯ ದಡ ಕೊರೆಯದಂತೆ ದೋಣಿಯವರು ಕಟ್ಟುವ ಹಾಗೆಯೇ ಅವನು ಗೂಟ ಹೊಡೆದು ನಡುವೆ ಬೆತ್ತ ಹೆಣೆಯತೊಡಗಿದ.

"ನಿಮ್ಮ ದೊರೆ ನೋಡಿದ್ರೆ ಏನಂತಾನಪ್ಪಾ?" ಎಂದು ಮೇಸ್ತ್ರಿ ಕುಟುಕಿದ.

"ಇನ್ನೂ ನಾನು ಅವನ ಆಳೇ" ಎಂದ ಆಂಬ್ರೋಸ್, ತಲೆ ಎತ್ತದೆ. "ಆದ್ರೆ ಇಲ್ಲಿ ಕೆಸರಲ್ಲಿ ನಿಂತಿರೋಳು ನನ್ನ ಹೆಂಡ್ತಿ."

"ಮಾತು ಸಾಕು, ಇನ್ನೊಂದು ಗೂಟ ಕೊಡು" ಎಂದಳು ಥಾಮ್ಸಿನ್. ಆದರೆ ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಬೆತ್ತದ ತಡಿಕೆಯ ಹಿಂದೆ ನಾವು ಮಣ್ಣು ತುಂಬುತ್ತಾ ಹೋದೆವು; ಕತ್ತಲಾಗುವಷ್ಟರಲ್ಲಿ ಗೋಡೆ ಅಳ್ಳಾಡದೆ ನಿಂತಿತು.

ದೊರೆಯ ಸೈನ್ಯ ಆ ಗೋಡೆಯ ತನಕ ಬರಲೇ ಇಲ್ಲ. ಮುಂದೆ ಪಾರ್ಲಿಮೆಂಟಿನವರು ಆ ದೊರೆಯ ತಲೆ ಕಡಿಸಿದರು. ಹನ್ನೊಂದು ವರ್ಷದ ಮೇಲೆ ಅವನ ಮಗ ಬಂದು ಸಿಂಹಾಸನ ಏರಿದ. ಹಳೆಯದನ್ನು ಆಡಬೇಡವೆಂದು ನಾವು ಎಷ್ಟು ಹೇಳಿದರೂ ಥಾಮ್ಸಿನ್ ಪೇಟೆಯ ನಡುವೆಯೇ ನಿಂತು ಹೇಳುತ್ತಿದ್ದಳು: "ಹೊಸಬ ಬಂದು ವರ್ಷ ತುಂಬೋದ್ರೊಳಗೇ ಪಾರ್ಲಿಮೆಂಟನ್ನ ಕರೆದ, ನೋಡಿದ್ರಾ? ಅಪ್ಪ ಕಲೀದಿದ್ದನ್ನ ಮಗನಿಗೆ ಕಲಿಸಿದೋರು ನಾವು ಕಣ್ರಮ್ಮಾ."