ಉಪ್ಪು ಕಾಗದ, ಮಂಚದ ಎರಡು ಪಟ್ಟಿ

ಪುಟ್ಟಿ, ಚಿನ್ನು,

ನಿಮ್ಮ ಸ್ನೇಹಿತರು ಬಂದಾಗಲೆಲ್ಲ ನಮ್ಮ ಮೆಟ್ಟಿಲು ನೋಡಿ ನಗುತ್ತಾರೆ. ಇಷ್ಟು ಇಕ್ಕಟ್ಟಾದ ಮೆಟ್ಟಿಲಿಗೆ ಎರಡೂ ಕಡೆ ಹಿಡಿಕೆ ಯಾಕೆ, ಇದೇನು ರೈಲು ಡಬ್ಬಿಯೇ ಎಂದು ಒಬ್ಬ ಹುಡುಗ ಕೇಳಿದ್ದು ನನ್ನ ಕಿವಿಗೂ ಬಿತ್ತು. ಪುಟ್ಟಿ ಸುಮ್ಮನೆ ನಕ್ಕಳು. ಚಿನ್ನು, ನಿನಗೆ ಪೂರ್ತಿ ಗೊತ್ತಿಲ್ಲ, ಆಗ ನೀನು ಪರೀಕ್ಷೆಗೆ ಓದಲು ಮುಖರ್ಜಿ ನಗರದ ಹಾಸ್ಟೆಲ್ಲಿನಲ್ಲಿದ್ದೆ. ನಾನು ನಾಲ್ಕು ಜನರ ಮುಂದೆ ಕೂತು ಹೇಳುವವಳಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ವರ್ಷ ನವರಾತ್ರಿಗೆ ಗೊಂಬೆ ಕೂರಿಸಲು ಮೇಲಿನ ನನ್ನ ಕೋಣೆಯಿಂದ ಗೊಂಬೆಯ ಪೆಟ್ಟಿಗೆ ಇಳಿಸುತ್ತಿದ್ದೆ. ನಮ್ಮ ಮೆಟ್ಟಿಲು ಅರ್ಧದಲ್ಲಿ ತಿರುಗುತ್ತದೆಯಲ್ಲ, ಅದರ ಮೇಲಿನ ಅರ್ಧಕ್ಕೆ ಎರಡೂ ಕಡೆ ಕಬ್ಬಿಣದ ಸರಳಿದೆ. ತಿರುವಿನಿಂದ ಕೆಳಗೆ ಆಗ ಎರಡೂ ಕಡೆ ಬರಿ ಗೋಡೆ. ಬೆಳಕು ಕಡಿಮೆ, ಮೆಟ್ಟಿಲಿನ ಅಂಚು ಅಲ್ಲಲ್ಲಿ ಒಡೆದಿತ್ತು. ಅಲ್ಲೇ ಜಾರಿದೆ. ಗೊಂಬೆಗಳಿಗೆ ಏನೂ ಆಗಲಿಲ್ಲ. ನನ್ನ ಎಡಗೈ ಮಣಿಕಟ್ಟು ಮುರಿಯಿತು.

ಪ್ಲಾಸ್ಟರ್ ಬಿಚ್ಚಿದ ಮೇಲೂ ಆ ಕೈಗೆ ಹಿಡಿತ ಬರಲಿಲ್ಲ. ಲೋಟ ಹಿಡಿದರೆ ಲೋಟ ಜಾರುತ್ತಿತ್ತು. ಒಂದು ದಿನ ಊಟವಾದ ಮೇಲೆ ನಿಮ್ಮಪ್ಪ ನನ್ನ ಮುಖ ನೋಡದೆ, ಇನ್ನು ಕೆಳಗೇ ಇದ್ದುಬಿಡಮ್ಮ, ಮೇಲಿನ ಕೋಣೆಯನ್ನು ಕೆಲಸಕ್ಕೆ ಹೋಗುವ ಹುಡುಗಿಯರಿಗೆ ಕೊಡೋಣ ಎಂದ. ಇಬ್ಬರು ಹುಡುಗಿಯರು ಬಂದು ಕೋಣೆ ನೋಡಿಕೊಂಡೂ ಹೋದರು. ಸಂಕ್ರಾಂತಿ ಕಳೆದ ಮೇಲೆ ಬರುತ್ತೇವೆ ಎಂದರು. ಒಳ್ಳೆಯ ಮಕ್ಕಳು. ನನ್ನ ಕಿಟಕಿಯ ಹತ್ತಿರ ನಿಂತು, ಎಷ್ಟು ಚೆನ್ನಾಗಿ ಬಿಸಿಲು ಬರುತ್ತದೆ ಎಂದು ಒಬ್ಬಳು ಹೇಳಿದಳು.

ಕೆಳಗೆ ನನಗೆ ಸಿಗುವುದು ಹಾಲ್‌ನಲ್ಲಿರುವ ದಿವಾನು. ದಿವಾನಿನ ಮೇಲೆ ಮಲಗುವವಳು ಎಲ್ಲರೂ ಮಲಗುವ ಮುಂಚೆ ಮಲಗಬಾರದು, ಎಲ್ಲರೂ ಎದ್ದ ಮೇಲೆ ಏಳಬಾರದು. ಇದು ದೂರಲ್ಲ, ಮನೆ ಇರುವುದೇ ಹಾಗೆ. ನಮ್ಮೂರಲ್ಲಿ ನಾವು ಹೆಣ್ಣುಮಕ್ಕಳು ನಡುಮನೆಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ಮದುವೆಯಾಗಿ ಡೆಲ್ಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿಗೆ ಬಂದೆ. ಅಲ್ಲಿ ಇಂಟರ್‌ವ್ಯೂಗೆ ಬಂದವರು, ಡೆಲ್ಲಿ ನೋಡಲು ಬಂದವರು, ಹೀಗೆ ಊರಿನ ಕಡೆಯವರು ಯಾರಾದರೂ ಇದ್ದೇ ಇರುತ್ತಿದ್ದರು. ಪೀತಮ್‌ಪುರದ ಈ ಮನೆಗೆ ಬಂದ ಮೇಲೆ, ಅದೂ ನಿಮ್ಮ ತಾತ ಹೋದ ಮೇಲೆ, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಕೋಣೆ ನನಗೆ ಸಿಕ್ಕಿತು. ಒಳಗೆ ನಾನೇನು ಮಾಡುತ್ತಿದ್ದೆ? ಏನೂ ಇಲ್ಲ. ಸುಮ್ಮನೆ ಕೂರುತ್ತಿದ್ದೆ. ಆ ಚಿಲಕ ಕೈಬಿಟ್ಟುಹೋಗುತ್ತದೆ ಎಂದಾಗ ನನಗೆ ಆದದ್ದನ್ನು ಯಾರಿಗೂ ಹೇಳಲು ಬರಲಿಲ್ಲ.

ಮೆಟ್ಟಿಲು ಸರಿಯಾದರೆ, ಎಂದು ಮಾತ್ರ ಕೇಳಿದೆ. ನಿಮ್ಮಪ್ಪ, "ಅಚ್ಛಾ, ಸರಿಯಾದ್ರೆ ನೋಡೋಣ" ಎಂದ.

ಒಬ್ಬ ಠೇಕೇದಾರ, ಅಂದರೆ ಕೆಲಸ ಗುತ್ತಿಗೆ ಹಿಡಿಯುವವನು, ಬಂದ. ಎಲ್ಲ ಒಡೆದು ಗ್ರಾನೈಟ್ ಹಾಕಬೇಕು ಎಂದ. ಅಷ್ಟರಲ್ಲಿ ದೀಪಾವಳಿ ಕಳೆದು ಹೊಗೆ ಇಳಿಯಿತು. ಎದುರುಮನೆಯೇ ಕಾಣದಷ್ಟು ಹೊಗೆ. ಒಡೆಯುವ ಕಟ್ಟುವ ಕೆಲಸವೆಲ್ಲ ನಿಲ್ಲಿಸಿ ಎಂದು ಸರ್ಕಾರ ಹೇಳಿತು. ಕೂಲಿಯವರು ತಮ್ಮ ಊರುಗಳಿಗೆ ಹೋದರು, ಠೇಕೇದಾರ ಫೋನು ಎತ್ತಲಿಲ್ಲ. ಹೋಳಿ ಆದ ಮೇಲೆ ಮಾಡಿಸೋಣ ಅತ್ತೆ ಎಂದಳು ನಿಮ್ಮಮ್ಮ. ಹೋಳಿಯ ಹೊತ್ತಿಗೆ ನನ್ನ ಕೋಣೆಯಲ್ಲಿ ಬೇರೆಯವರು ಇರುತ್ತಿದ್ದರು. ಒಡೆಯದೆ ಆಗುವುದನ್ನು ನಾನೇ ಮಾಡುತ್ತೇನೆ ಎಂದೆ. ನಿಮ್ಮಮ್ಮ ನನ್ನ ಕೈ ನೋಡಿದಳು.

ಮೊದಲು ಬಾಗಿಲಿನಿಂದ ಮೆಟ್ಟಿಲವರೆಗಿನ ಆ ಓಣಿಯಂಥ ಜಾಗ, ನೀವು ಗ್ಯಾಲರಿ ಅನ್ನುವುದು, ಅದನ್ನು ಖಾಲಿ ಮಾಡಬೇಕಿತ್ತು. ಹಳೆಯ ಕೂಲರ್, ಮುರಿದ ಸೈಕಲ್ಲು, ಶೂಗಳು. ಅವುಗಳ ಹಿಂದೆ, ಗೋಡೆಗೆ ಒರಗಿಸಿಟ್ಟ ನಮ್ಮ ದೊಡ್ಡ ಮಂಚದ ಬಿಡಿಭಾಗಗಳು. ಅದು ಶೀಶಮ್ ಮರದ ಮಂಚ. ಕ್ವಾರ್ಟರ್ಸಿನಲ್ಲಿ ವರ್ಗವಾಗಿ ಹೊರಟವರು ಬಿಟ್ಟುಹೋಗುತ್ತಿದ್ದ ಸಾಮಾನುಗಳಲ್ಲಿ ನಿಮ್ಮ ತಾತ ಆರಿಸಿ ತಂದದ್ದು. ಅವರು ಹೋದ ಮೇಲೆ ನನಗೆ ಅಷ್ಟು ಅಗಲ ಬೇಡವೆನಿಸಿತು, ಬಿಚ್ಚಿಸಿದೆ. ಕೊಡಲು ಮನಸ್ಸಾಗದೆ, ಇಡಲು ಜಾಗವಿಲ್ಲದೆ ಅಲ್ಲೇ ಧೂಳು ತಿನ್ನುತ್ತಿತ್ತು. ಅದರ ಉದ್ದದ ಪಕ್ಕದ ಪಟ್ಟಿಯನ್ನು ಎತ್ತಿ ಇಳಿಜಾರಾಗಿ ಗೋಡೆಗೆ ಹಿಡಿದು ನೋಡಿದೆ. ತಿರುವಿನಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ನನಗೆ ಬೇಕಾದ ಹಿಡಿಕೆ ಇಷ್ಟು ವರ್ಷ ದಾರಿಗೆ ಅಡ್ಡ ನಿಂತಿತ್ತು.

ಗೋಡೆಯ ಕೆಲಸ ನನ್ನನ್ನು ಹಣ್ಣು ಮಾಡಿತು. ತೇವ ಹಿಡಿದ ಗೋಡೆ, ಇಲ್ಲಿಯವರು ಸೀಲನ್ ಅನ್ನುತ್ತಾರಲ್ಲ, ಕೆರೆದಷ್ಟೂ ಉದುರುತ್ತಿತ್ತು. ಬೆಳಿಗ್ಗೆ ಮನೆಯವರೆಲ್ಲ ಹೊರಟ ಮೇಲೆ ಒಂದು ಮೆಟ್ಟಿಲ ಮೇಲೆ ಕೂತು ಕೈಗೆ ಎಟಕುವಷ್ಟು ಕೆರೆಯುತ್ತಿದ್ದೆ. ಆಮೇಲೆ ಮುಂದಿನ ಮೆಟ್ಟಿಲು. ಮಧ್ಯಾಹ್ನಕ್ಕೆ ಬೆನ್ನು ನನ್ನದಲ್ಲ ಎನ್ನಿಸುತ್ತಿತ್ತು. ಸ್ನಾನ ಮಾಡಿದರೂ ಬಾಯಲ್ಲಿ ಸುಣ್ಣದ ರುಚಿ. ಕೆರೆದ ಜಾಗಕ್ಕೆ ಬಳಿಯುವ ಬಿಳಿ ಹಿಟ್ಟಿಗೆ ಇಲ್ಲಿ ಪುಟ್ಟಿ ಎನ್ನುತ್ತಾರೆ. ಪುಟ್ಟಿ ತರಬೇಕು, ಪುಟ್ಟಿ ಕಲಸಬೇಕು ಎಂದು ನಾವು ಮಾತಾಡಿದಾಗಲೆಲ್ಲ ನಮ್ಮ ಪುಟ್ಟಿ ಸಿಡುಕುತ್ತಿದ್ದಳು.

ಪುಟ್ಟಿ ಒಣಗಿದ ಮೇಲೆ ಉಜ್ಜಬೇಕು. ಮಂಚದ ಪಟ್ಟಿಯನ್ನೂ ಉಜ್ಜಬೇಕು. ಅದಕ್ಕೆ ಉಪ್ಪು ಕಾಗದ ಬೇಕು. ಈ ಮಾತು ನನಗೆ ಶಾಲೆಯಿಂದ ಬಂದದ್ದು. ನಮ್ಮೂರ ಶಾಲೆಯಲ್ಲಿ ಮರದ ಕಪ್ಪು ಹಲಗೆಗೆ ಹೊಸದಾಗಿ ಮಸಿ ಬಳಿಯುವ ಮುಂಚೆ ಮೇಷ್ಟ್ರು ನಮ್ಮ ಕೈಗೆ ಉಪ್ಪು ಕಾಗದ ಕೊಟ್ಟು ಉಜ್ಜಿಸುತ್ತಿದ್ದರು. ಮರದ ಎಳೆ ಓಡಿದ ಕಡೆಗೇ ಉಜ್ಜಬೇಕು, ಅಡ್ಡಡ್ಡ ಉಜ್ಜಿದರೆ ಗೀರು ಬೀಳುತ್ತದೆ ಎಂದು ಹೇಳುತ್ತಿದ್ದರು. ಶಾಲೆಯಲ್ಲಿ ಕಲಿತದ್ದರಲ್ಲಿ ನನಗೆ ಮರೆಯದೆ ಉಳಿದ ಕೆಲವುಗಳಲ್ಲಿ ಅದೂ ಒಂದು.

ತರಲು ನಾನೇ ಹೊರಟೆ. ಅಲ್ಲಿಯವರೆಗೆ ಅಂಗಡಿಯಲ್ಲಿ ಮಾತಾಡುವುದೆಲ್ಲ ನಿಮ್ಮ ತಾತನದು, ಆಮೇಲೆ ನಿಮ್ಮಮ್ಮನದು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹಿಂದಿ ಜೋಡಿಸಿಕೊಂಡೆ. ಉಪ್ಪೆಂದರೆ ನಮಕ್. ಕಾಗದವೆಂದರೆ ಕಾಗಜ್. ಹಾರ್ಡ್‌ವೇರ್ ಅಂಗಡಿಯಲ್ಲಿ ಗಂಡಸರ ಗುಂಪು ಕರಗುವವರೆಗೆ ಪಕ್ಕಕ್ಕೆ ನಿಂತಿದ್ದು, ಆಮೇಲೆ ಕೇಳಿದೆ.

"ಭಯ್ಯಾ, ನಮಕ್ ಕಾ ಕಾಗಜ್ ಚಾಹಿಯೇ."

ಅಂಗಡಿಯವನು ಎರಡು ಸಲ ಹೇಳಿಸಿದ. ನಮಕ್ ಎನ್ನುವುದೊಂದೇ ಅವನಿಗೆ ತಿಳಿದದ್ದು. ಪಕ್ಕದ ದಿನಸಿ ಅಂಗಡಿಗೆ ಕೈ ತೋರಿಸಿದ. ಇರಬಹುದು, ಈ ಊರಲ್ಲಿ ಅದನ್ನು ಅಲ್ಲಿ ಮಾರುತ್ತಾರೇನೋ ಎಂದುಕೊಂಡು ಹೋದೆ. ದಿನಸಿಯವನು ನನ್ನ ಮಾತು ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, ಉಪ್ಪಿನ ಪೊಟ್ಟಣ ತೆಗೆದ. "ಕಾಗಜ್ ಮೇಂ ಲಪೇಟ್ ದೂಂ, ಮಾತಾಜಿ?" ಕಾಗದದಲ್ಲಿ ಸುತ್ತಿಕೊಡಲೇ ಎಂದು. ಹೂಂ ಎಂದೆ. ಇನ್ನೇನು ಅನ್ನಲಿ? ಹಳೆಯ ಪೇಪರಿನಲ್ಲಿ ಸುತ್ತಿದ ಉಪ್ಪು ಹಿಡಿದು ಮನೆಗೆ ಬಂದೆ.

ಮೊನ್ನೆ ತಾನೇ ಉಪ್ಪು ತಂದಿದ್ದೆವಲ್ಲ ಅತ್ತೆ ಎಂದಳು ನಿಮ್ಮಮ್ಮ. ಇರಲಿ, ಕೆಡುವ ವಸ್ತುವಲ್ಲ ಎಂದೆ. ಪುಟ್ಟಿ ಮಾತ್ರ ಬಿಡಲಿಲ್ಲ, ಹಿಂದೆ ಹಿಂದೆ ಬಂದು ಬಾಯಿ ಬಿಡಿಸಿದಳು. ಕೇಳಿ ಮೆಟ್ಟಿಲ ಮೇಲೆಯೇ ಕೂತು ನಕ್ಕಳು.

"ಅಜ್ಜೀ, ವೋ ರೇಗ್‌ಮಾಲ್ ಹೋತಾ ಹೈ. ರೇಗ್‌ಮಾಲ್. ನೀನು ಉಪ್ಪು ಹಾಕಿ ಗೋಡೇನ ಉಪ್ಪಿನಕಾಯಿ ಮಾಡ್ತೀಯಾ?"

ಉಪ್ಪು ಕಾಗದಕ್ಕೆ ಇಲ್ಲಿ ರೇಗ್‌ಮಾಲ್ ಎನ್ನುತ್ತಾರಂತೆ. ನನಗೂ ನಗು ಬಂತು. ಆದರೆ ಮತ್ತೆ ಆ ಅಂಗಡಿಗೆ ಹೋಗುವ ಶಕ್ತಿ ಇರಲಿಲ್ಲ. ಮರುದಿನ ಅವಳು ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ, ಬೇಡ ಬೇಡವೆಂದರೂ ಅಂಗಡಿಯವನಿಗೆ ಕಥೆಯನ್ನೆಲ್ಲ ಹೇಳಿಬಿಟ್ಟಳು. ನಾನು ಸೆರಗು ಸರಿಮಾಡಿಕೊಳ್ಳುತ್ತ ಬೀದಿ ನೋಡುತ್ತಿದ್ದೆ. ಅವನು ನಗಲಿಲ್ಲ. ಒಂದು ಹಾಳೆ ತೆಗೆದು, ಅದರ ಮೇಲಿನ ಹರಳನ್ನು ಹೆಬ್ಬೆರಳಿನಿಂದ ಸವರಿ, ಹೌದಲ್ಲ, ಉಪ್ಪಿನ ಹಾಗೇ ಇದೆ ಎಂದ. ಆಮೇಲೆ ಹೋದಾಗಲೆಲ್ಲ, ನಮಕ್‌ವಾಲಾ ಕೊಡಲಾ ಮಾತಾಜಿ, ಸಣ್ಣದೋ ದಪ್ಪದೋ ಎಂದು ಅವನೇ ಕೇಳುತ್ತಿದ್ದ. ಅಲ್ಲಿ ಮಾತಾಡಲು ನನಗೆ ಇನ್ನು ಯಾರೂ ಬೇಕಾಗಲಿಲ್ಲ.

ಪಟ್ಟಿಯನ್ನು ಗ್ಯಾಲರಿಯಲ್ಲಿ ಎರಡು ಸ್ಟೂಲಿನ ಮೇಲಿಟ್ಟು ಉಜ್ಜಿದೆ. ಎಡಗೈ ಸುಮ್ಮನೆ ಮೇಲಿಡುವುದಕ್ಕೆ, ಕೆಲಸವೆಲ್ಲ ಬಲಗೈಯದು. ಹೊರಗೆ ಹೊಗೆ, ಒಳಗೆ ಧೂಳು, ಮುಖಕ್ಕೆ ಮಾಸ್ಕು. ನಿಮ್ಮಪ್ಪ ಆಫೀಸಿನಿಂದ ಬಂದವನು ಶೂ ಬಿಚ್ಚುತ್ತ, "ಅಮ್ಮ, ನಿನ್ನ ಧೂಳಿಗೆ ಚಲಾನ್ ಬರುತ್ತೆ, ದಂಡ ಕಟ್ಟಬೇಕಾಗುತ್ತೆ ನೋಡು" ಎನ್ನುತ್ತಿದ್ದ. ಎರಡು ಪಟ್ಟಿಯಲ್ಲಿ ನಾನು ಆರಿಸಿದ್ದು ಮಂಚ ಹಾಕಿದ್ದಾಗ ಗೋಡೆ ಕಡೆಗಿದ್ದದ್ದನ್ನು, ನಿಮ್ಮ ತಾತ ಮಲಗುತ್ತಿದ್ದ ಕಡೆಯದು. ಅದು ನಯವಾಗಿತ್ತು. ನನ್ನ ಕಡೆಯದರ ಮೇಲೆ ಸಣ್ಣ ಸಣ್ಣ ಕಚ್ಚುಗಳಿದ್ದವು. ನಿಮ್ಮಪ್ಪನಿಗೆ ಹಲ್ಲು ಬರುವಾಗ ಮಂಚ ಹಿಡಿದು ನಿಂತು ಕಚ್ಚಿದ್ದು. ಅದನ್ನು ಬದಿಗಿಟ್ಟೆ.

ಗೋಡೆಗೆ ಕೆನೆಬಣ್ಣ ಬಳಿದೆ. ಒಡೆದ ಅಂಚುಗಳಿಗೆ ಬಿಳಿ ಸಿಮೆಂಟು ತುಂಬಿ, ಕಣ್ಣಿಗೆ ಕಾಣಲೆಂದು ಹಳದಿ ಗೆರೆ ಎಳೆದೆ. ಸಂಕ್ರಾಂತಿಗೆ ಮುಂಚಿನ ಭಾನುವಾರ ನಿಮ್ಮಪ್ಪ ಯಾರದೋ ಡ್ರಿಲ್ ಮಷೀನು ತಂದ. ಯಾವ ಕಡೆ ಹಾಕಲಿ ಎಂದು ಕೇಳಿದ. ನಾನು ಕೆಳಗೆ ಮೆಟ್ಟಿಲಿಗೆ ಮುಖ ಮಾಡಿ ನಿಂತಿದ್ದೆ. ಯೋಚನೆಯೇ ಮಾಡದೆ, ಬಲಗಡೆ ಎಂದೆ. ಹೊಸ್ತಿಲು ದಾಟುವುದು ಬಲಗಾಲು, ಮಂಗಳಾರತಿ ತೆಗೆದುಕೊಳ್ಳುವುದು ಬಲಗೈ. ಕೇಳಿದವರಿಗೆ ನಮ್ಮ ಕಡೆ ಇನ್ನೇನು ಹೇಳುತ್ತಾರೆ?

ಅವನು ತೂತು ಕೊರೆದು ಪಟ್ಟಿ ಕೂರಿಸಿದ. ಜಗ್ಗಿ ನೋಡಿದ, ಅಲುಗಲಿಲ್ಲ. ಹತ್ತಮ್ಮ ಎಂದ. ಹತ್ತಿದೆ. ಎಷ್ಟೋ ದಿನಗಳ ಮೇಲೆ ಮಂಡಿಗೆ ಭಯವಿಲ್ಲದೆ ಹತ್ತಿದೆ. ಕೋಣೆಯ ಬಾಗಿಲು ಮುಟ್ಟಿ, ತಿರುಗಿ ಸರಳು ಹಿಡಿದು ತಿರುವಿನವರೆಗೆ ಇಳಿದೆ. ಅಲ್ಲಿ ನಿಂತುಬಿಟ್ಟೆ. ಹಿಡಿಕೆ ಈಗ ನನ್ನ ಎಡಗಡೆ ಇತ್ತು. ಲೋಟವನ್ನೂ ಹಿಡಿಯದ ಕೈಯ ಕಡೆ. ಬಲಗಡೆ ನಾನೇ ಬಳಿದ ಬರಿ ಗೋಡೆ.

ತಿರುವಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕೆಳಗಿನಿಂದ ನಿಮ್ಮಪ್ಪ ಯಾಕಮ್ಮ ಎಂದ.

"ಹತ್ತೋದಕ್ಕೆ ಹಾಕಿಸಿಬಿಟ್ಟೆ ಕಣೋ. ನಾನು ಬಿದ್ದಿದ್ದು ಇಳಿಯೋವಾಗ."

ಅವನು ಹಿಡಿಕೆಯನ್ನೂ ನನ್ನ ಎಡಗೈಯನ್ನೂ ನೋಡಿದ. ಆಮೇಲೆ ಮೆಲ್ಲಗೆ, "ಇರಲಿ ಬಿಡಮ್ಮ. ಎಷ್ಟು ಮಾಡ್ತೀಯ? ಸಾಕು ಮಾಡು" ಎಂದ. ಅವನ ದನಿಯಲ್ಲಿ ಗದರಿಕೆ ಇದ್ದಿದ್ದರೆ ಚೆನ್ನಾಗಿತ್ತು. ಇರಲಿಲ್ಲ. ನಿಜ ಹೇಳುತ್ತೇನೆ ಮಕ್ಕಳೇ, ಸಾಕು ಎಂಬ ಆ ಮಾತು ಅವತ್ತು ನನಗೆ ಹಾಸಿಗೆ ಹಾಸಿಕೊಟ್ಟಂತೆ ಇತ್ತು. ಹೂಂ ಅಂದುಬಿಡಬೇಕು, ದಿವಾನಿನ ಮೇಲೆ ಮಲಗಿಬಿಡಬೇಕು ಎನ್ನಿಸಿತು. ಕೀಲುಕೀಲೂ ನೋಯುತ್ತಿತ್ತು. ಅಲ್ಲಿ ಕೂತಲ್ಲಿಂದ ಗ್ಯಾಲರಿಯ ಮೂಲೆ ಕಾಣುತ್ತಿತ್ತು. ಮೂಲೆಯಲ್ಲಿ ನನ್ನ ಕಡೆಯ ಪಟ್ಟಿ ಒರಗಿಕೊಂಡಿತ್ತು.

ಮಂಚಕ್ಕೆ ಎರಡು ಪಟ್ಟಿ ಇರುತ್ತದಲ್ಲ ಎಂದೆ.

ಅವನು ಹೋಗಿ ಅದನ್ನು ಎತ್ತಿದ. ಕಚ್ಚುಗಳು ಬೆರಳಿಗೆ ಸಿಕ್ಕಿದವು. ಇದೇನು, ಇಲಿ ಕಡಿದಿದೆಯಾ ಎಂದು ಕೇಳಿದ. ಇಲಿ ಯಾವುದೆಂದು ಹೇಳಿದೆ. ಪುಟ್ಟಿ ಮತ್ತೆ ನಕ್ಕಳು, ನಿಮ್ಮಮ್ಮನೂ ಅಡುಗೆಮನೆಯಿಂದ ಬಂದು ನೋಡಿದಳು. ನಿಮ್ಮಪ್ಪ ಹೆಬ್ಬೆರಳಿನಿಂದ ಆ ಜಾಗವನ್ನು ಎರಡು ಮೂರು ಸಲ ಸವರಿ, ಪಟ್ಟಿಯನ್ನು ಸ್ಟೂಲಿನ ಮೇಲಿಟ್ಟ. ನಾನು ಮತ್ತೆ ಉಪ್ಪು ಕಾಗದ ಹಿಡಿದೆ. ಆ ವಾರವೆಲ್ಲ ಉಜ್ಜಿದೆ, ಕಚ್ಚುಗಳು ಪೂರ್ತಿ ಹೋಗಲಿಲ್ಲ.

ಸಂಕ್ರಾಂತಿಯ ದಿನ ನಾವು ಎಳ್ಳು ಬೀರಿ ಬಂದ ಮೇಲೆ ನಿಮ್ಮಪ್ಪ ಎರಡನೆಯ ಪಟ್ಟಿಯನ್ನು ಎದುರು ಗೋಡೆಗೆ ಕೂರಿಸಿದ. ಮೆಟ್ಟಿಲು ಇನ್ನೂ ಕಿರಿದಾಯಿತು. ಅವನು ನಡುವೆ ನಿಂತು ಎರಡೂ ಕೈ ಚಾಚಿ ಅಳೆದು ನೋಡಿದ.

"ಇನ್ನು ಮೇಲಿರೋ ನಿನ್ನ ಬೀರು ಈ ಮೆಟ್ಟಿಲಲ್ಲಿ ಇಳಿಯಲ್ಲಮ್ಮ."

"ಇಳಿಸೋದು ಬೇಡ," ಎಂದೆ. ಎಷ್ಟು ಮೆಲ್ಲಗೆಂದರೆ ಅವನಿಗೆ ಕೇಳಿಸಲಿಲ್ಲವೇನೋ ಎಂದುಕೊಂಡೆ. ಕೇಳಿಸಿತ್ತು. ಆ ಸಂಜೆ ಹುಡುಗಿಯರಿಗೆ ಫೋನು ಮಾಡಿ, ಕೋಣೆ ಖಾಲಿಯಿಲ್ಲ ಎಂದು ಹಿಂದಿಯಲ್ಲಿ ಹೇಳುತ್ತಿದ್ದ. ಆ ಮಕ್ಕಳಿಗೆ ಬೇರೆ ಎಲ್ಲಿ ಬಿಸಿಲಿನ ಕೋಣೆ ಸಿಕ್ಕಿತೋ ಗೊತ್ತಿಲ್ಲ. ಒಮ್ಮೊಮ್ಮೆ ನೆನಪಾಗುತ್ತಾರೆ.

ಇಷ್ಟೇ. ಈಗಲೂ ಹತ್ತುವಾಗ ತಿರುವಿನಲ್ಲಿ ಕೂತು ಸುಧಾರಿಸಿಕೊಳ್ಳುತ್ತೇನೆ. ಎರಡು ಹಿಡಿಕೆ ಇದ್ದರೂ ಸಾಲದ ಕಾಲ ಬರುತ್ತದೆ, ಆಗ ಯಾರೂ ಹೇಳದೆ ನಾನೇ ಇಳಿದು ಬರುತ್ತೇನೆ. ಸದ್ಯಕ್ಕೆ ಹತ್ತುವಾಗ ತಾತನ ಕಡೆಯದು ಹಿಡಿಯುತ್ತೇನೆ, ಇಳಿಯುವಾಗ ನನ್ನ ಕಡೆಯದು. ಮೇಲೆ ಹೋಗಿ ಚಿಲಕ ಹಾಕಿಕೊಂಡು ಸುಮ್ಮನೆ ಕೂರುತ್ತೇನೆ.

ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ತಡವರಿಸುತ್ತೀರಿ. ಅವಸರವಿಲ್ಲ, ಅಪ್ಪನಿಂದ ಓದಿಸಿಕೊಳ್ಳಿ. ಇಲಿಯ ಮಾತು ಬಂದಾಗ ಅವನ ಮುಖ ನೋಡಿ. ಓದಿದ ಮೇಲೆ ಈ ಹಾಳೆಗಳನ್ನು ಕೆಳಗೆ ಎಲ್ಲೂ ಇಡಬೇಡಿ, ಗೋಡೆಯ ತೇವ ನಾನು ಎಷ್ಟು ಬಳಿದರೂ ಪೂರ್ತಿ ಹೋಗಿಲ್ಲ. ಮೇಲಿನ ನನ್ನ ಬೀರುವಿನಲ್ಲಿ, ಸೀರೆಗಳ ಕೆಳಗೆ ಇಟ್ಟು ಕಾಪಾಡಿ. ಆ ಬೀರು ಹೇಗೂ ಎಲ್ಲಿಗೂ ಹೋಗುವುದಿಲ್ಲ.