ನಾನು ಸೊನ್ನೆ ಎಂದ ಸಂಜೆ

ಇವತ್ತು ಯಲ್ಲಾಪುರದ ಅಂಗಡಿಯೊಂದರಲ್ಲಿ ಎಂಟೇ ಅಂಕಿ ಹಿಡಿಯುವ ಹಳೆಯ ಕ್ಯಾಲ್ಕುಲೇಟರ್ ಕಂಡಿತು. ಸುಮಕ್ಕ ನೆನಪಾದಳು.

ಹೃದಯದ ಕಾಯಿಲೆಯಿಂದ ಕಾಲೇಜು ಬಿಟ್ಟು ಮಲಗಿದ್ದ ನನ್ನಕ್ಕ, ಒಂದರಿಂದ ಮೂವತ್ತರವರೆಗಿನ ಸಂಖ್ಯೆಗಳನ್ನೆಲ್ಲ ಗುಣಿಸಲು ಹೊರಟಿದ್ದಳು. ಅಷ್ಟು ದೊಡ್ಡ ಉತ್ತರ ನಮ್ಮ ಕ್ಯಾಲ್ಕುಲೇಟರಿನಲ್ಲಿ ಹಿಡಿಸುತ್ತಿರಲಿಲ್ಲ.

“ಮಷಿನ್ ಸಣ್ಣದಾದ್ರೆ ಎಂತಾತು ಕೂಸೆ? ತುಂಡು ಮಾಡಿ ಕೊಟ್ರೆ ಎಷ್ಟು ದೊಡ್ಡದನ್ನೂ ಗುಣಿಸ್ತು,” ಎನ್ನುತ್ತಿದ್ದಳು.

ಸಂಖ್ಯೆಯನ್ನು ನಾಲ್ಕು ನಾಲ್ಕು ಅಂಕಿಗಳಾಗಿ ಒಡೆದು ಅವಳು ಹೇಳುವಳು, ನಾನು ಬಟನ್ ಒತ್ತುವೆ. ಒಂದು ತುಂಡಿನಲ್ಲಿ ನಾಲ್ಕು ಅಂಕಿ ಮೀರಿ ಹೆಚ್ಚಾದದ್ದನ್ನು ಮುಂದಿನ ತುಂಡಿಗೆ ಕೂಡಿಸಲು ನಾನೇ ಓದಿ ಹೇಳಬೇಕಿತ್ತು. ಕೊನೆಯ ಸಂಖ್ಯೆ ಮೂವತ್ತರಿಂದ ಗುಣಿಸುತ್ತಿದ್ದ ಸಂಜೆ ಗೆಳತಿಯರು ಆಟಕ್ಕೆ ಕರೆದರು. “ಹೆಚ್ಚಾದದ್ದೆಷ್ಟು?” ಎಂದಳು ಅಕ್ಕ. ನೋಡದೆಯೇ “ಸೊನ್ನೆ” ಎಂದೆ.

ಲೆಕ್ಕ ಮುಗಿದ ದಿನ ಅಕ್ಕ ಉತ್ತರದ ಅಂಕಿಗಳನ್ನೆಲ್ಲ ಕೂಡಿದಳು. ಗುಣಿಸಿದ ಸಂಖ್ಯೆಗಳಲ್ಲಿ ಒಂಬತ್ತೂ ಇದ್ದುದರಿಂದ ಆ ಮೊತ್ತ ಒಂಬತ್ತರಿಂದ ಭಾಗವಾಗಬೇಕಿತ್ತು, ಆಗಲಿಲ್ಲ.

“ಯನ್ನ ತಲೆ ಈಗ ಓಡ್ತಿಲ್ಲೆ,” ಎಂದು ನೋಟ್‌ಬುಕ್ ಮುಚ್ಚಿ ಗೋಡೆಯ ಕಡೆ ತಿರುಗಿದಳು. ಆ ನೋಟ್‌ಬುಕ್ಕನ್ನು ಅವಳು ಮತ್ತೆ ತೆರೆಯಲಿಲ್ಲ. ಮಳೆಗಾಲಕ್ಕೆ ಮೊದಲೇ ತೀರಿಕೊಂಡಳು.

ತಪ್ಪು ನನ್ನದೆಂದು ಅಕ್ಕನಿಗಾಗಲಿ ಅಮ್ಮನಿಗಾಗಲಿ ಹೇಳಿರಲಿಲ್ಲ. ಇವತ್ತು ಇಲ್ಲಿ ಬರೆಯುತ್ತಿದ್ದೇನೆ. ಅಕ್ಕನ ತಲೆ ಕೊನೆಯವರೆಗೂ ಚೆನ್ನಾಗಿಯೇ ಓಡುತ್ತಿತ್ತು.